ಹದಿನೈದರಲ್ಲಿ ಪಡೆದ ಅಡ್ವಾನ್ಸ್

ನನ್ನ ತಂದೆ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ಒಂದು ಕಾಫಿ ತೋಟದಲ್ಲಿ 31 ವರ್ಷ ರೈಟರಾಗಿ, ಅಂದರೆ ಲೆಕ್ಕ ಬರೆಯುವ ಗುಮಾಸ್ತರಾಗಿ, ಕೆಲಸ ಮಾಡಿದವರು. ಅವರ ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕದಲ್ಲಿ ಅಡ್ವಾನ್ಸ್ ಪುಸ್ತಕವೆಂಬ ಇನ್ನೊಂದು ಉದ್ದನೆಯ ಪುಸ್ತಕ ಸದಾ ಇರುತ್ತಿತ್ತು. ಕೊಯ್ಲಿನ ಹಂಗಾಮು ಶುರುವಾಗುವ ಮೊದಲೇ ಯಾರು ಎಷ್ಟು ಹಣ ಪಡೆದಿದ್ದಾರೆ, ವಾರದ ಬಟವಾಡೆಯಲ್ಲಿ ಎಷ್ಟು ಮುರಿದುಕೊಂಡಿದೆ, ಬಾಕಿ ಎಷ್ಟು ಎಂಬ ಲೆಕ್ಕವೆಲ್ಲ ಅದರಲ್ಲಿ. 15ನೆಯ ವಯಸ್ಸಿನಲ್ಲಿ ನಾನೇ ಬರೆದು, ನಾನೇ ರಾಗ ಹಾಕಿ, ನಾನೇ ಹಾಡಿದ ಒಂದು ಹಾಡು ಜಿಲ್ಲೆಯ ಊರೂರಿನಲ್ಲಿ ಕೇಳಿಸತೊಡಗಿದಾಗ ಮನೆಯವರೆಲ್ಲ ಹಿಗ್ಗಿದ್ದರು. ಅಪ್ಪ ಮಾತ್ರ ಒಂದು ಸಂಜೆ, "ಕೆಲಸಕ್ಕೆ ಮುಂಚೆ ಅಡ್ವಾನ್ಸ್ ತಗೊಂಡಿದ್ದೀಯ ಕಣಪ್ಪ, ತೀರಿಸೋದು ನೋಡ್ಕೊ" ಎಂದರು. ಅದನ್ನು ಚುಚ್ಚುಮಾತೆಂದು ತಿಳಿದು ನಾನು ಎರಡು ದಿನ ಅವರೊಡನೆ ಮಾತು ಬಿಟ್ಟಿದ್ದೆ. ಈಗ ನನಗೆ 27. ಆ ಬಾಕಿ ಹೇಗೆ ತೀರುತ್ತ ಬಂತು ಎಂಬುದನ್ನು, ಇದೇ ದಾರಿಯಲ್ಲಿ ಹೊರಟಿರುವ ಹುಡುಗ ಹುಡುಗಿಯರ ಕೆಲಸಕ್ಕೆ ಬಂದರೂ ಬರಬಹುದೆಂದು, ಬರೆಯುತ್ತಿದ್ದೇನೆ.

ಹಾಡು ಹುಟ್ಟಿದ್ದು 2014ರ ಜನವರಿಯಲ್ಲಿ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ. ನಮ್ಮ ಕ್ವಾರ್ಟರ್ಸಿನ ಹಿತ್ತಿಲಿನಿಂದ ನೋಡಿದರೆ ಕಣಿವೆಯ ಆಚೆ ಕಾನಿನ ನಡುವೆ ರಾತ್ರಿಯೆಲ್ಲ ಒಂದೇ ಒಂದು ದೀಪ ಉರಿಯುತ್ತಿತ್ತು. ಅಲ್ಲಿ ಯಾರ ಮನೆಯಿದೆ ಎಂಬುದು ತೋಟದ ಆಳುಗಳಿರುವ ಲೈನ್ ಮನೆಯ ಹಿರಿಯರಿಗೂ ಗೊತ್ತಿರಲಿಲ್ಲ. "ಕಾನಿನಾಚೆ ಕಾಯುತಿರುವ ದೀಪ ಯಾರದು" ಎಂಬ ಸಾಲು ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬಂತು. ಅಮ್ಮ ಹಾಡುತ್ತಿದ್ದ ಭಜನಾ ಮಂಡಳಿಯ ಹಾರ್ಮೋನಿಯಂ ನಮ್ಮ ಮನೆಯಲ್ಲೇ ಇರುತ್ತಿದ್ದುದರಿಂದ, ಅದರ ಮೇಲೆ ಬೆರಳಾಡಿಸುತ್ತ ಅದೇ ವಾರದಲ್ಲಿ ರಾಗವೂ ಮೂರು ಚರಣಗಳೂ ಕೂಡಿಬಂದವು. ಇಷ್ಟು ಸುಲಭವಾಗಿ ಒಂದು ಹಾಡು ಮತ್ತೆಂದೂ ನನಗೆ ದಕ್ಕಿಲ್ಲ.

ಸಂಕ್ರಾಂತಿಗೆ ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗ ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಮೈಕು ಮತ್ತು ಗಿಟಾರು ತಂದಿದ್ದ. ಮನೆಯಲ್ಲಿ ರೆಕಾರ್ಡ್ ಮಾಡಲು ಕುಳಿತರೆ ಕುಕ್ಕರಿನ ಸೀಟಿ, ಟೀವಿ, ನಾಯಿ. ಹೀಗಾಗಿ ಅಪ್ಪನ ಹತ್ತಿರ ಬೀಗದ ಕೈ ಕೇಳಿ ಪಡೆದು ತೋಟದ ಕಾಫಿ ಸ್ಟೋರಿಗೆ ಹೋದೆವು. ಅರೇಬಿಕಾ ಕೊಯ್ಲು ಮುಗಿಯುತ್ತ ಬಂದಿತ್ತು. ಕಣದಲ್ಲಿ ಒಣಗಿಸಿದ, ಒಳಹೊಟ್ಟು ಇನ್ನೂ ಬಿಡಿಸದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳನ್ನು ಮೂರು ಗೋಡೆಗೂ ಒತ್ತಿ ಆಳೆತ್ತರಕ್ಕಿಂತ ಮೇಲೆ ಪೇರಿಸಿದ್ದರು. ಎರಡು ಮೂಟೆಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು, ಮೈಕನ್ನು ಗೋಣಿದಾರದಿಂದ ಕೊಡೆಯ ಹಿಡಿಗೆ ಬಿಗಿದು, ಆ ಕೊಡೆಯನ್ನು ಮೂಟೆಗಳ ಸಂದಿನಲ್ಲಿ ಸಿಕ್ಕಿಸಿ, ಮೂರನೆಯ ಸಲಕ್ಕೆ ಪೂರ್ತಿ ಹಾಡು ಮುಗಿಸಿದೆವು. ಗಿಟಾರಿನ ನಾಲ್ಕನೆಯ ಮನೆಯಲ್ಲಿ ಅವನು ಏನೋ ಒಂದು ಕ್ಲಿಪ್ಪು ಸಿಕ್ಕಿಸಿಕೊಂಡಿದ್ದ. ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಅದಕ್ಕೆ ಕೇಪೋ ಎನ್ನುತ್ತಾರೆಂದು ನಾನು ತಿಳಿದದ್ದು ಎರಡು ವರ್ಷ ಕಳೆದ ಮೇಲೆ.

ಫೆಬ್ರವರಿಯಲ್ಲಿ ಅವನು ಅದನ್ನು ಯೂಟ್ಯೂಬಿಗೆ ಹಾಕಿದನಾದರೂ ಹಾಡು ಹಬ್ಬಿದ್ದು ಅಲ್ಲಿಂದಲ್ಲ. ನಮ್ಮ ಕಡೆ ಆಗ ನೆಟ್ ಪ್ಯಾಕು ದುಬಾರಿ, ನೆಟ್‌ವರ್ಕು ಗುಡ್ಡ ಹತ್ತಿದರೆ ಮಾತ್ರ ಸಿಗುವ ವಸ್ತು. ಬ್ಲೂಟೂತಿನಲ್ಲಿ ಕೈಯಿಂದ ಕೈಗೆ, ಮೊಬೈಲ್ ಅಂಗಡಿಯವರು ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡಿಗೆ ತುಂಬಿಸಿಕೊಡುತ್ತಿದ್ದ ಹಾಡುಗಳ ರಾಶಿಗೆ, ಅಲ್ಲಿಂದ ಖಾಸಗಿ ಬಸ್ಸುಗಳ ಪೆನ್‌ಡ್ರೈವಿಗೆ ಅದು ಸಾಗಿತು. ಪಿಯುಸಿಗೆಂದು ಹಾಸನಕ್ಕೆ ಹೊರಟ ಮೊದಲ ದಿನ ಬಸ್ಸಿನಲ್ಲಿ ನನ್ನದೇ ದನಿ ಕೇಳಿಸಿದಾಗ ನಾನು ಟಿಕೆಟ್ ಪಡೆಯುವುದನ್ನೇ ಮರೆತು ಕಂಬ ಹಿಡಿದು ನಿಂತಿದ್ದೆ. ಕಂಡಕ್ಟರು ಬೈದರು. "ಈ ಹಾಡು ನಂದೇ ಅಣ್ಣ" ಎಂದರೆ, "ಹಾಡು ನಿಂದೇ ಇರ್ಲಿ, ಬಸ್ಸು ನಿಂದಲ್ಲವಲ್ಲ" ಎಂದು ಚೀಟಿ ಹರಿದು ಕೊಟ್ಟರು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹಳೆಯ ವೀಡಿಯೊ ಎರಡನೆಯ ಸಲ ಎದ್ದು ಕುಳಿತಿತು. ಗಣೇಶೋತ್ಸವ, ರಾಜ್ಯೋತ್ಸವ, ಕಾಲೇಜು ವಾರ್ಷಿಕೋತ್ಸವಗಳಿಂದ ಕರೆಗಳು ಅದಕ್ಕೂ ಮೊದಲೇ, ಪಿಯುಸಿಯ ದಿನಗಳಲ್ಲೇ, ಬರತೊಡಗಿದ್ದವು. ಮೊದಲ ವೇದಿಕೆಗೆ 1,500 ರೂಪಾಯಿ ಕೊಟ್ಟರು. ಎರಡು ವರ್ಷದಲ್ಲಿ ಅದು 8,000 ಆಯಿತು. ಪಿಯುಸಿಯ ಹುಡುಗನಿಗೆ ಅದು ತಲೆ ತಿರುಗಿಸುವಷ್ಟು ಹಣ.

ಎರಡನೆಯ ಹಾಡನ್ನು ಮಾಡಹೊರಟಾಗ ಸಾಲದ ಮೊದಲ ಕಂತಿನ ಬಿಸಿ ತಟ್ಟಿತು. 2014ರ ಮೇ ತಿಂಗಳು. ಅದೇ ಚಿಕ್ಕಪ್ಪನ ಮಗ, ಅದೇ ಮೈಕು, ಅದೇ ಕೊಡೆ, ಅದೇ ಸ್ಟೋರು. ಆದರೆ ರೆಕಾರ್ಡಾದದ್ದನ್ನು ಕೇಳಿದರೆ ಬಾವಿಯೊಳಗಿನಿಂದ ಯಾರೋ ಕೂಗಿದಂತಿತ್ತು; ಮಾತು ಮಾತಿಗೂ ಗುಂಯ್ ಎಂಬ ಬಾಲ. ಮೈಕು ಕೆಟ್ಟಿದೆಯೆಂದು ಬೇರೆ ಮೈಕು ತರಿಸಿದೆವು, ಗಂಟಲು ಕೆಟ್ಟಿದೆಯೆಂದು ಮೆಣಸಿನ ಕಷಾಯ ಕುಡಿದೆ. ಮೂರು ದಿನ ಒದ್ದಾಡಿ ಕೈಬಿಟ್ಟೆವು. ಕಾರಣ ತಿಳಿದದ್ದು ಮರುವರ್ಷ, ಹಾಸನದ ಒಂದು ಪುಟ್ಟ ಸ್ಟುಡಿಯೊದಲ್ಲಿ ಧ್ವನಿಮುದ್ರಣ ಮಾಡುವವರು ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, "ಏನಾದ್ರೂ ತಿರುಗಿ ಬಂತೇನಪ್ಪ?" ಎಂದು ಕೇಳಿದಾಗ. ಜನವರಿಯಲ್ಲಿ ನಮ್ಮ ಸ್ಟೋರಿನ ಗೋಡೆಗಳಿಗೆ ಎರಡು ಮೂರು ಅಡಿ ದಪ್ಪದ ಕಾಫಿಯ ಹೊದಿಕೆಯಿತ್ತು. ಗೋಣಿಯ ನಾರು, ಕಾಳುಗಳ ನಡುವಿನ ಸಂದು, ಇವುಗಳೊಳಗೆ ಹೊಕ್ಕ ಶಬ್ದ ಹೊರಬರಲು ದಾರಿ ಕಾಣದೆ ಅಲ್ಲಿಯೇ ಅಡಗುತ್ತಿತ್ತು. ಮೇ ತಿಂಗಳಿಗೆ ಕಾಫಿ ಮಾರಿಹೋಗಿ ಬರಿಯ ಗಾರೆಗೋಡೆ, ಸಿಮೆಂಟು ನೆಲ ಉಳಿದಿದ್ದವು. ನನ್ನ ಮೊದಲ ಹಾಡಿನ ದನಿಯಲ್ಲಿ ಜನ ಮೆಚ್ಚಿದ "ಕಿವಿಯ ಹತ್ತಿರವೇ ಕುಳಿತು ಹಾಡಿದಂತಹ" ಗುಣ ನನ್ನದಾಗಿರಲಿಲ್ಲ, ಸಾಹುಕಾರರ ಬೆಳೆಯದಾಗಿತ್ತು. ಮನೆಯಲ್ಲೇ ರೆಕಾರ್ಡ್ ಮಾಡುವವರು ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದನ್ನು ಈಗಲೂ ನೋಡುತ್ತೇನೆ. ಅಷ್ಟು ತೆಳುವಾದ ರಟ್ಟಿನಿಂದ ಹೆಚ್ಚೇನೂ ಆಗುವುದಿಲ್ಲ. ಕಂಬಳಿ, ಹಾಸಿಗೆ, ಬಟ್ಟೆ ತುಂಬಿದ ಬೀರು ಇವುಗಳ ನಡುವೆ ಕುಳಿತರೆ ಅದಕ್ಕಿಂತ ಮೇಲು, ದಪ್ಪವಿದ್ದಷ್ಟೂ ಒಳ್ಳೆಯದು. ಮಳೆಗಾಲದಲ್ಲಿ ಹೆಂಚಿನ ಮನೆಯವರಿಗೆ ಇದಾವುದೂ ನೆರವಿಗೆ ಬಾರದು. ಸಕಲೇಶಪುರದ ಜುಲೈ ತಿಂಗಳಲ್ಲಿ ನಾನು ರೆಕಾರ್ಡಿಂಗ್ ಇಟ್ಟುಕೊಳ್ಳುವುದೇ ಇಲ್ಲ.

ಕೋಣೆ ಸರಿಯಾದ ಮೇಲೂ ಎರಡನೆಯ ಹಾಡು ನಿಲ್ಲಲಿಲ್ಲ. ಆಗ ಯಾರೋ ಹೇಳಿದರೆಂದು ಹಾಸನದ ಕೆ.ಆರ್. ಪುರಂನಲ್ಲಿ ಸುಗಮ ಸಂಗೀತ ಹೇಳಿಕೊಡುತ್ತಿದ್ದ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರ ಬಳಿ ಹೋದೆ. ಅವರು ಮೊದಲು ಹಳೆಯ ಹಾಡನ್ನೇ ಹಾಡಿಸಿದರು. ನಾನು ಹಾಡುತ್ತಿರುವಾಗ ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದು, ಮುಗಿದ ಮೇಲೆ ಒಂದು ಹಾಳೆಯಲ್ಲಿ ಆ ಸಾಲನ್ನು ಗೆರೆ ಎಳೆದು ಕತ್ತರಿಸಿದರು: ಕಾನಿ, ನಾಚೆ, ಕಾಯು, ತಿರುವ, ದೀಪ, ಯಾರ, ದು. "ಮೂರು ಮಾತ್ರೆಯ ಗಣ, ಆರು ಸಲ, ಕೊನೆಗೊಂದು ಮುಡಿ. ತಿಶ್ರ ನಡೆ ತಾನಾಗೇ ಬಂದಿದೆ. ಯಾರು ಹೇಳ್ಕೊಟ್ರು ನಿಂಗೆ?" ಎಂದರು. ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ, "ಈ ಸಾಲಿನಲ್ಲಿ ಅತಿ ಮೇಲಿನ ಸ್ವರ ಯಾವ ಅಕ್ಷರದ ಮೇಲೆ ಬಿದ್ದಿದೆ, ನೋಡು" ಎಂದರು. ತಾರಸ್ಥಾಯಿಯ ಗಾಂಧಾರ "ಯಾರದು" ಎಂಬುದರ "ಯಾ" ಮೇಲೆ ಬಿದ್ದಿತ್ತು. ಬಾಯಿ ಪೂರ್ತಿ ತೆರೆಯುವ ದೀರ್ಘ ಆಕಾರ. ಎಷ್ಟು ಹೊತ್ತು ಬೇಕಾದರೂ ಹಿಡಿಯಬಹುದು, ಹಿಡಿದಷ್ಟೂ ಪ್ರಶ್ನೆ ಗಾಢವಾಗುತ್ತದೆ.

ಬಳಿಕ ಎರಡನೆಯ ಹಾಡನ್ನು ಹಾಡಿಸಿದರು. ಅದರ ಪಲ್ಲವಿ "ಬೆಟ್ಟದ ಮೇಲೆ ಕಟ್ಟಿದ ಮೋಡ" ಎಂದು ಶುರುವಾಗುತ್ತಿತ್ತು, ಮೇಲಿನ ಸ್ವರ "ಕಟ್ಟಿದ" ಎಂಬುದರ ಮೊದಲ ಅಕ್ಷರದ ಮೇಲೆ. ಒತ್ತಕ್ಷರ ಬಂದ ಕೂಡಲೇ ನಾಲಿಗೆ ಅಂಗುಳಕ್ಕೆ ಬಡಿದು ಉಸಿರು ಕಟ್ಟಿಹೋಗುತ್ತದೆ; ಸ್ವರವನ್ನು ಹಿಡಿದು ನಿಲ್ಲಿಸಬೇಕಾದ ಕಡೆಯಲ್ಲೇ ಬಾಗಿಲು ಮುಚ್ಚಿದಂತೆ. ಇನ್ನೊಂದು ಸಾಲಿನಲ್ಲಿ "ಕಡು ಕತ್ತಲೆ" ಎಂದಿತ್ತು. ರಾಗಕ್ಕೆ ಬೇಕೆಂದು ನಾನು "ಕ"ಕಾರವನ್ನು ಎಳೆದಿದ್ದೆ. ಕೇಳಿದವರಿಗೆಲ್ಲ ಅದು "ಕಾಡು ಕತ್ತಲೆ" ಎಂದೇ ಕೇಳಿಸಿತ್ತು. ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಮಾತೇ ಬೇರೆಯಾಗುತ್ತದೆ, ನಡು ನಾಡಾಗುತ್ತದೆ, ಮನ ಮಾನವಾಗುತ್ತದೆ ಎಂಬುದು ನಾಲ್ಕನೆಯ ತರಗತಿಯ ಪಾಠ. ಅದನ್ನು ಹಾಡಿಗೆ ಅನ್ವಯಿಸಿಕೊಳ್ಳಲು ನನಗೆ 17 ವರ್ಷವಾಗಬೇಕಾಯಿತು. (ಕಾಡು ಕತ್ತಲೆಯೇ ಚೆನ್ನಾಗಿದೆ ಎಂದು ಒಬ್ಬರು ಮೆಚ್ಚಿಕೊಂಡದ್ದು ಬೇರೆ ಮಾತು.) ಅಂದಿನಿಂದ ಇಂದಿನವರೆಗೆ ನಾನು ಬರೆಯುವ ಕ್ರಮ ಒಂದೇ. ರಾಗದ ಚೌಕಟ್ಟು ಸಿಕ್ಕಿದ ಕೂಡಲೇ ಮಾತು ಬರೆಯುವುದಿಲ್ಲ. ತಾನನ ಎಂದು ಹಾಡಿಕೊಂಡು ಎಲ್ಲಿ ಸ್ವರ ನಿಲ್ಲುತ್ತದೆ, ಎಲ್ಲಿ ಏರುತ್ತದೆ ಎಂದು ಗುರುತು ಹಾಕಿ, ಆ ಜಾಗಗಳಲ್ಲಿ ಮಾತ್ರ ದೀರ್ಘಾಕ್ಷರಗಳನ್ನು ಮೊದಲು ಕೂರಿಸಿ, ಉಳಿದದ್ದನ್ನು ಆಮೇಲೆ ತುಂಬುತ್ತೇನೆ. ಇದರಿಂದ ಒಳ್ಳೆಯ ಕವಿತೆ ಬರುತ್ತದೆಂದು ಹೇಳಲಾರೆ. ಆದರೆ ಹಾಡಲು ಬರುತ್ತದೆ.

ಮೇಷ್ಟ್ರು ಇನ್ನೊಂದು ಮಾತು ಹೇಳಿದ್ದರು. ನಮ್ಮ ಸುಗಮ ಸಂಗೀತದಲ್ಲಿ ಸಾಮಾನ್ಯವಾಗಿ ಕವಿ ಒಬ್ಬರು, ರಾಗ ಹಾಕುವವರು ಒಬ್ಬರು. ನಮ್ಮ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ ಸಿ. ಅಶ್ವಥ್ ಅವರು ನಾಡಿನ ದೊಡ್ಡ ದೊಡ್ಡ ಕವಿಗಳ ಮಾತುಗಳಿಗೆ ದನಿ ಕೊಟ್ಟವರು. ಮಾತು ಗಟ್ಟಿಯಾಗಿ ನಿಂತಿದ್ದುದರಿಂದಲೇ ಅವರು ರಾಗವನ್ನು ಅಷ್ಟು ಧೈರ್ಯವಾಗಿ ಎತ್ತಿ ಹಾಡಬಲ್ಲವರಾಗಿದ್ದರು. ಮಾತು, ಧಾತು (ಅಂದರೆ ರಾಗ) ಎರಡನ್ನೂ ಒಬ್ಬರೇ ಕಟ್ಟಿದರೆ ಅಂಥವರಿಗೆ ವಾಗ್ಗೇಯಕಾರ ಎಂಬ ಹಳೆಯ ಹೆಸರಿದೆ. ಪುರಂದರದಾಸರು ಆ ಸಾಲಿನವರು. "ನೀನು ಆ ಹೆಸರಿಗೆ ಈಗಲೇ ಆಸೆಪಡಬೇಡ. ಆದರೆ ಅವರು ಪದದ ಕೊನೆಗೆ ಅಂಕಿತ ಹಾಕ್ತಿದ್ದರು ಅನ್ನೋದನ್ನ ಮಾತ್ರ ನೆನಪಿಟ್ಕೊ" ಎಂದರು. ಅಂಕಿತದ ಮಾತು ನನಗೆ ಆಗ ಅರ್ಥವಾಗಲಿಲ್ಲ. ಅರ್ಥವಾಗುವ ಹೊತ್ತಿಗೆ ನಾನು ನಾಲ್ಕು ಪುಟದ ಒಂದು ಕಾಗದಕ್ಕೆ ಸಹಿ ಹಾಕಿಯಾಗಿತ್ತು.

ಅದಕ್ಕೆ ಮೊದಲು ಗಂಟಲಿನ ಕತೆ. ಹುಡುಗರ ದನಿ ಒಡೆಯುವಾಗ ಗಂಟಲಿನ ಪೆಟ್ಟಿಗೆ ಬೆಳೆದು, ಸ್ವರತಂತುಗಳು ಉದ್ದವಾಗಿ ದಪ್ಪವಾಗಿ, ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ನನ್ನದು ತಡವಾಗಿ ಒಡೆದ ದನಿ. ಹಾಡು ರೆಕಾರ್ಡಾದಾಗ ಅದು ಅರ್ಧ ದಾರಿಯಲ್ಲಿತ್ತು. ಹುಡುಗನದೂ ಅಲ್ಲ, ಗಂಡಸಿನದೂ ಅಲ್ಲ, ಮತ್ತು ಜನ ಮೆಚ್ಚಿದ್ದು ಅದನ್ನೇ. ಬಿಳಿ ಮೂರರ, ಅಂದರೆ ಹಾರ್ಮೋನಿಯಂನ ಮೂರನೆಯ ಬಿಳಿ ಮನೆಯ, ಶ್ರುತಿಯಲ್ಲಿ ನಾನು ಸಲೀಸಾಗಿ ಮುಟ್ಟಿದ್ದ ಆ "ಯಾ" 18ರ ಹೊತ್ತಿಗೆ ಕಿರುಚಿದರೆ ಮಾತ್ರ ಸಿಗುವಂತಾಯಿತು. ಶ್ರುತಿ ಇಳಿಸಿ ಹಾಡಬಹುದಿತ್ತು. ಆದರೆ ವೇದಿಕೆಯ ಎದುರು ನಿಂತವರು ಮೊಬೈಲಿನಲ್ಲಿ ಕೇಳಿದ್ದನ್ನೇ ಕೇಳಬಯಸುತ್ತಾರೆಂಬ ಹೆದರಿಕೆ. 2016ರಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ತೆರೆದ ದಿನಗಳಿಂದ ಹಿಡಿದು ರಾಜ್ಯೋತ್ಸವ ಮುಗಿಯುವವರೆಗೆ 19 ದಿನಗಳಲ್ಲಿ 14 ಕಡೆ ಹಾಡಿದೆ. ಹದಿನೈದನೆಯ ವೇದಿಕೆಯಲ್ಲಿ ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಮುಂದಿನ ಸಾಲುಗಳನ್ನು ಜನರೇ ಹಾಡಿ ಮುಗಿಸಿದರು. ಅದನ್ನು ಅವರ ಪ್ರೀತಿಯೆಂದು ಮರುದಿನ ಎಲ್ಲರೂ ಹೊಗಳಿದರು; ನಾನು ಮೈಕಿನ ಕಂಬ ಹಿಡಿದು ನಿಂತು ಬೆವರುತ್ತಿದ್ದೆ.

ಕಿವಿ-ಮೂಗು-ಗಂಟಲಿನ ವೈದ್ಯರು ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಎರಡೂ ಸ್ವರತಂತುಗಳ ಅಂಚಿನಲ್ಲಿ ಗಂಟು ಕಟ್ಟತೊಡಗಿದೆ ಎಂದರು. ಆರು ವಾರ ಹಾಡುವಂತಿಲ್ಲ, ಕೂಗುವಂತಿಲ್ಲ, ಮುಖ್ಯವಾಗಿ ಪಿಸುಗುಟ್ಟುವಂತಿಲ್ಲ. ಪಿಸುಮಾತು ಗಂಟಲಿಗೆ ವಿಶ್ರಾಂತಿಯೆಂದು ತಿಳಿದಿದ್ದೆ. ಒತ್ತಿ ಪಿಸುಗುಟ್ಟಿದರೆ ಗಂಟಲು ಇನ್ನಷ್ಟು ದಣಿಯುತ್ತದಂತೆ. ಅಮ್ಮನಿಗೆ ಬೇಕಾದದ್ದನ್ನೆಲ್ಲ ಸ್ಲೇಟಿನಲ್ಲಿ ಬರೆದು ತೋರಿಸುತ್ತ ಆ ದಿನಗಳನ್ನು ಕಳೆದೆ. ಏಳನೆಯ ವಾರ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂರಿಸಿ, ಬಿಳಿ ಮೂರರಿಂದ ಕಪ್ಪು ಒಂದಕ್ಕೆ, ಅಂದರೆ ಮೂರು ಮೆಟ್ಟಿಲು ಕೆಳಗೆ, ಶ್ರುತಿ ಇಳಿಸಿದರು. ಗಿಟಾರಿನಲ್ಲಿ ನಾಲ್ಕನೆಯ ಮನೆಯ ಕೇಪೋ ಒಂದನೆಯ ಮನೆಗೆ ಬಂತು, ಬೆರಳಿನ ಹಿಡಿತಗಳು ಹಾಗೆಯೇ ಉಳಿದವು. ಆ ಶ್ರುತಿಯಲ್ಲಿ ಮೊದಲ ಸಲ ಅರಕಲಗೂಡಿನಲ್ಲಿ ಹಾಡಿದಾಗ ಯಾರೊಬ್ಬರೂ ಅದನ್ನು ಗಮನಿಸಲಿಲ್ಲ. ಎರಡು ವರ್ಷ ನಾನು ಹೆದರಿದ್ದು ಯಾರಿಗೆ ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ಇನ್ನು ಆ ಕಾಗದ. 2015ರ ಆಗಸ್ಟಿನಲ್ಲಿ ಒಂದು ಆಡಿಯೊ ಕಂಪನಿಯವರು ಹಾಸನಕ್ಕೆ ಬಂದು, ಹೋಟೆಲಿನಲ್ಲಿ ಅಪ್ಪನಿಗೂ ನನಗೂ ಮಸಾಲೆ ದೋಸೆ ಕೊಡಿಸಿ, 25,000 ರೂಪಾಯಿಯ ಚೆಕ್ಕನ್ನೂ ಇಂಗ್ಲಿಷಿನಲ್ಲಿದ್ದ ಒಪ್ಪಂದವನ್ನೂ ಮೇಜಿನ ಮೇಲಿಟ್ಟರು. ನನಗೆ 17 ತುಂಬಿ ಒಂದು ತಿಂಗಳಾಗಿತ್ತು. ಅಪ್ಪ ತಮ್ಮ ರೈಟರಿಕೆಯ ಅಭ್ಯಾಸದಂತೆ ಮೊತ್ತವನ್ನು ಎರಡು ಸಲ ಓದಿದರು, ಉಳಿದದ್ದನ್ನು ಓದಲಿಲ್ಲ. ನಾನು ಸಹಿ ಹಾಕಿದೆ, ಅಪ್ಪ ಸಾಕ್ಷಿಯೆಂದು ಸಹಿ ಹಾಕಿದರು. ಹಾಡಿನ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಮೂರೂ ಶಾಶ್ವತವಾಗಿ ಅವರದು, ಜೊತೆಗೆ ಮುಂದಿನ ಐದು ವರ್ಷ ನಾನು ಬರೆಯುವುದೆಲ್ಲವೂ ಅವರದೇ ಎಂದು ಅದರಲ್ಲಿತ್ತು.

ಮೂರು ವರ್ಷ ಅದರ ನೆನಪೂ ಆಗಲಿಲ್ಲ. 2018ರಲ್ಲಿ ನನ್ನದೇ ಚಾನೆಲ್ಲಿನಲ್ಲಿ, ಹೊಸ ಶ್ರುತಿಯಲ್ಲಿ, ಮನೆಯ ಜಗಲಿಯ ಮೇಲೆ ಕುಳಿತು ಹಾಡಿದ ಅದೇ ಹಾಡನ್ನು ಹಾಕಿದೆ. ಒಂದೆರಡು ದಿನದಲ್ಲಿ ಅದರ ಮೇಲೆ ಕಂಪನಿಯ ಹಕ್ಕುಸಾಧನೆ ಬಂದು ಕುಳಿತಿತು. ಬರುವ ಜಾಹೀರಾತಿನ ಹಣ ಅವರಿಗೆ. ನನ್ನ ಹಿತ್ತಿಲಿನ ದೀಪದ ಮೇಲೆ ನಾನು ಬರೆದ ಮಾತನ್ನು ನನ್ನ ಬಾಯಲ್ಲಿ ಹಾಡಿದ್ದಕ್ಕೆ ನಾನೇ ಕಳ್ಳನಾದಂತಾಗಿತ್ತು. ಕಾಗದವನ್ನು ಹಿಡಿದುಕೊಂಡು ಹಾಸನದಲ್ಲಿ ಒಬ್ಬ ವಕೀಲರ ಬಳಿಗೆ ಹೋದೆ. ಅವರು ಮೊದಲ ಪುಟವನ್ನು ಓದಲೇ ಇಲ್ಲ. ಕೊನೆಯ ಪುಟದ ತಾರೀಖು ನೋಡಿ, "ನಿಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತಗೊಂಡು ಬನ್ನಿ" ಎಂದರು.

ಅವರಿಂದ ತಿಳಿದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ವಯಸ್ಸಿನ ಹಾಡುಗಾರರ ಮನೆಗಳಲ್ಲಿ ಇದು ಯಾರಿಗೂ ಗೊತ್ತಿರುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 11ನೆಯ ಕಲಮಿನ ಪ್ರಕಾರ ಕರಾರು ಮಾಡಿಕೊಳ್ಳಲು ಪ್ರಾಪ್ತ ವಯಸ್ಕರಾಗಿರಬೇಕು, ಅಂದರೆ 18 ತುಂಬಿರಬೇಕು. ಅಪ್ರಾಪ್ತರು ಮಾಡಿಕೊಂಡ ಕರಾರು ಆರಂಭದಿಂದಲೇ ಶೂನ್ಯವೆಂದು ಆಗಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲೇ ಮೋಹೊರಿ ಬೀಬಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. 18 ತುಂಬಿದ ಮೇಲೆ "ಹಳೆಯದಕ್ಕೆ ನನ್ನ ಒಪ್ಪಿಗೆಯಿದೆ" ಎಂದರೂ ಅದಕ್ಕೆ ಜೀವ ಬರುವುದಿಲ್ಲ, ಹೊಸದಾಗಿಯೇ ಬರೆದುಕೊಳ್ಳಬೇಕು. ಅಪ್ಪ ಪೋಷಕರಾಗಿ ನನ್ನ ಪರವಾಗಿ ಸಹಿ ಹಾಕಿದ್ದರೆ ವಾದಕ್ಕೆ ಬೇರೆ ದಾರಿಗಳಿರುತ್ತಿದ್ದವು. ಅವರು ಬರೀ ಸಾಕ್ಷಿಯಾದದ್ದೇ ನಮಗೆ ಒಳ್ಳೆಯದಾಯಿತು. ಎರಡನೆಯದು ಇನ್ನೂ ದೊಡ್ಡದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ನಂತರ, ಧ್ವನಿಮುದ್ರಿಕೆಯಲ್ಲಿ ಸೇರಿದ ಸಾಹಿತ್ಯ ಮತ್ತು ಸಂಗೀತದ ಕರ್ತೃಗಳು ಹಕ್ಕನ್ನು ಬರೆದುಕೊಟ್ಟರೂ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವಂತಿಲ್ಲ. ಅದನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ವಹಿಸಬಹುದು. ಹೀಗಾಗಿ 20 ವರ್ಷದವನಾಗಿ ನಾನು ಸಹಿ ಹಾಕಿದ್ದರೂ ಆ ಪಾಲು ನನ್ನದೇ ಆಗಿರುತ್ತಿತ್ತು. ಅವಧಿಯನ್ನು ಬರೆಯದೆ ಹಕ್ಕು ವರ್ಗಾಯಿಸಿದರೆ ಅದು ಐದು ವರ್ಷಕ್ಕೆಂದೇ ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಎಂಬುದನ್ನೂ ಆಗಲೇ ತಿಳಿದೆ. ಸಾಹಿತ್ಯ ಸಂಗೀತಗಳ ಹಕ್ಕು ಕರ್ತೃವಿನ ಜೀವಮಾನ ಮುಗಿದು 60 ವರ್ಷದವರೆಗೆ ಇರುತ್ತದೆ. 25,000 ರೂಪಾಯಿಗೆ ನಾನು ಇನ್ನೂ ಹುಟ್ಟಿರದ ಮೊಮ್ಮಕ್ಕಳ ಪಾಲನ್ನೂ ಬರೆದುಕೊಡಲು ಹೊರಟಿದ್ದೆ.

ಜಗಳ ನ್ಯಾಯಾಲಯದವರೆಗೆ ಹೋಗಲಿಲ್ಲ. ವಕೀಲರು ನೋಟಿಸು ಕಳಿಸಿದರು, ಎರಡು ಸಲ ಬೆಂಗಳೂರಿಗೆ ಓಡಾಡಿದೆವು, 2019ರಲ್ಲಿ ಹೊಸ ಒಪ್ಪಂದವಾಯಿತು. ಸ್ಟೋರಿನಲ್ಲಿ ಮಾಡಿದ ಹಳೆಯ ಧ್ವನಿಮುದ್ರಣವನ್ನು ಅವರಿಗೇ ಬಿಟ್ಟೆ. ಸಾಹಿತ್ಯ ಮತ್ತು ರಾಗ ನನಗೆ ಮರಳಿದವು. ಮುಂದಿನ ಐದು ವರ್ಷದ ಷರತ್ತು ಬಿದ್ದುಹೋಯಿತು. ಧ್ವನಿಮುದ್ರಣವನ್ನೂ ಪಡೆಯಬೇಕಿತ್ತೆಂದು ಚಿಕ್ಕಪ್ಪನ ಮಗ ಈಗಲೂ ಹೇಳುತ್ತಾನೆ. ಗಿಟಾರು ಅವನದು, ಆ ಬೇಸರ ನ್ಯಾಯವಾದದ್ದೇ. ಆದರೆ ಹಾಡು ನನ್ನ ಬಳಿಯಿದ್ದರೆ ಮತ್ತೆ ಹಾಡಬಲ್ಲೆ, ಮುದ್ರಣ ಮಾತ್ರ ಇದ್ದರೆ ಬರೀ ಕೇಳಿಸಬಲ್ಲೆ ಎಂದು ಆಗ ನನಗೆ ತೋರಿತು.

ಆ ವರ್ಷವೇ ಐಪಿಆರ್‌ಎಸ್ ಸದಸ್ಯನಾದೆ. ಸಾಹಿತಿಗಳ ಮತ್ತು ಸಂಗೀತ ಸಂಯೋಜಕರ ಪರವಾಗಿ ರಾಯಧನ ವಸೂಲು ಮಾಡುವ ಈ ಸಂಘ 1969ರಿಂದಲೂ ಇದೆ. ನನಗೆ ಅದರ ಹೆಸರು ತಿಳಿಯಲು ಹಾಡು ಬಂದು ಐದು ವರ್ಷವಾಗಬೇಕಾಯಿತು. ಬರುವ ಹಣ ದೊಡ್ಡದಲ್ಲ. ಆದರೆ ಪ್ರತಿ ಹಾಡಿಗೂ ಮಾತು ಯಾರದು, ರಾಗ ಯಾರದು, ಯಾರ ಪಾಲು ಎಷ್ಟು ಎಂದು ಬರೆದು ನೋಂದಾಯಿಸುವ ಅಭ್ಯಾಸ ಅದರಿಂದಾಯಿತು. ಜೊತೆಯಲ್ಲಿ ಕುಳಿತು ಹಾಡು ಕಟ್ಟಿದ ಸಂಜೆಯೇ, ಇನ್ನೂ ಎಲ್ಲರೂ ಸ್ನೇಹದಲ್ಲಿರುವಾಗಲೇ, ಪಾಲನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕುವುದು ಈಗ ನಮ್ಮಲ್ಲಿ ಪದ್ಧತಿ. ಹಾಡು ಓಡಿದ ಮೇಲೆ ಬರೆಯಲು ಕುಳಿತರೆ ಎಲ್ಲರಿಗೂ ಜ್ಞಾಪಕಶಕ್ತಿ ಹೆಚ್ಚಾಗಿರುತ್ತದೆ. ಪ್ರತಿ ಧ್ವನಿಮುದ್ರಣಕ್ಕೂ ಅಕ್ಷರ, ಅಂಕಿಗಳು ಸೇರಿ 12 ಸ್ಥಾನಗಳ ಐಎಸ್‌ಆರ್‌ಸಿ ಎಂಬ ಗುರುತಿನ ಸಂಕೇತವಿರುತ್ತದೆ. ಅದನ್ನು ನಾನು ಅಪ್ಪನ ಹಳೆಯ ಖಾಲಿ ಹಾಜರಿ ಪುಸ್ತಕವೊಂದರಲ್ಲಿ ಹಾಡಿನ ಹೆಸರಿನ ಮುಂದೆ ಬರೆದಿಡುತ್ತೇನೆ.

ಜೀವನ ನಡೆಯುವುದು ಹಾಡಿನಿಂದ ಮಾತ್ರವೇ ಎಂದು ಕೇಳುವವರಿದ್ದಾರೆ. ಇಲ್ಲ. ಹಾಸನದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಸಂಜೆ ಮಕ್ಕಳಿಗೆ ಗಿಟಾರು ಹೇಳಿಕೊಡುತ್ತೇನೆ, ಬೇರೆಯವರ ಹಾಡುಗಳಿಗೆ ಟ್ರ್ಯಾಕ್ ಮಾಡಿಕೊಡುತ್ತೇನೆ, ಚುನಾವಣೆಯ ಕಾಲದಲ್ಲಿ ಪ್ರಚಾರದ ಹಾಡುಗಳನ್ನೂ ಬರೆದಿದ್ದೇನೆ. ಮೊದಮೊದಲು ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು. ಅಶ್ವಥ್ ಅವರು ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡುತ್ತಲೇ ಹಾಡು ಕಟ್ಟಿದವರೆಂದು ತಿಳಿದ ಮೇಲೆ ಆ ನಾಚಿಕೆ ಹೋಯಿತು. ನನಗೆ ಧೈರ್ಯ ಕೊಟ್ಟ ಇನ್ನೊಬ್ಬರು ಅಮೆರಿಕದ ಹಾಡುಗಾರ್ತಿ ಜಾನಿಸ್ ಇಯಾನ್. ಹದಿಹರೆಯದಲ್ಲೇ ಬರೆದು ಹಾಡಿದ ಒಂದು ಹಾಡಿನಿಂದ 1967ರಲ್ಲಿ ದೇಶಕ್ಕೆಲ್ಲ ಪರಿಚಿತರಾಗಿ, ಆಮೇಲೆ ಮರೆಗೆ ಸರಿದು, 1975ರಲ್ಲಿ ಇನ್ನೊಂದು ಹಾಡಿನೊಂದಿಗೆ ಮರಳಿ ಬಂದವರು. ನಡುವಿನ ಆ ಎಂಟು ವರ್ಷಗಳ ಲೆಕ್ಕವನ್ನು ನಾನು ಬೆರಳು ಮಡಿಸಿ ಎಣಿಸಿದ್ದುಂಟು. ನನ್ನದು ಆಗಲೇ ಹತ್ತು ದಾಟಿತ್ತು. ಈವರೆಗೆ 41 ಹಾಡು ಮುಗಿಸಿದ್ದೇನೆ. ಜನ ಕೇಳಿ ಹಾಡಿಸುವುದು ನಾಲ್ಕನ್ನು. ಮೊದಲನೆಯದು ಆ ನಾಲ್ಕರಲ್ಲಿ ಈಗಲೂ ಮೊದಲನೆಯದೇ.

ಕಳೆದ ಜನವರಿಯಲ್ಲಿ ಅದನ್ನು ಮತ್ತೆ ರೆಕಾರ್ಡ್ ಮಾಡಿದೆವು. ನನ್ನ ಬಳಿ ಈಗ ಒಳ್ಳೆಯ ಕಂಡೆನ್ಸರ್ ಮೈಕು ಇದೆ, ಹಾಸನದಲ್ಲಿ ಬೇಕಾದ ಸ್ಟುಡಿಯೊಗಳಿವೆ. ಆದರೂ ತೋಟದ ಸ್ಟೋರಿಗೇ ಹೋಗಬೇಕೆನಿಸಿತು. ಅಪ್ಪ ನಿವೃತ್ತರಾಗಿ ಮೂರು ವರ್ಷವಾಗಿದೆ. ಅವರೇ ಹೊಸ ರೈಟರಿಗೆ ಫೋನು ಮಾಡಿ, ಸ್ಟೋರಿನಲ್ಲಿ ಮೂಟೆ ಎಷ್ಟಿದೆ, ಲಾರಿ ಯಾವತ್ತು ಬರುತ್ತದೆ ಎಂದು ವಿಚಾರಿಸಿ, "ಇವತ್ತು ಸಾಯಂಕಾಲ ಒಂದೇ ಇರೋದು, ಹೊರಡಿ" ಎಂದರು. ಚಿಕ್ಕಪ್ಪನ ಮಗ ಕೇಪೋವನ್ನು ಒಂದನೆಯ ಮನೆಗೆ ಸಿಕ್ಕಿಸಿದ. ಬಾಗಿಲ ಕಡೆಯ ಗೋಡೆ ಬರಿದಾಗಿತ್ತು. ನಾನು ಚಪ್ಪಾಳೆ ತಟ್ಟಿ ನೋಡಿದ್ದನ್ನು ಕಂಡ ಅಪ್ಪ, ಏಕೆಂದು ಕೇಳದೆ, ಇಬ್ಬರು ಆಳುಗಳನ್ನು ಕರೆಸಿ ಎಂಟು ಮೂಟೆಗಳನ್ನು ಅಲ್ಲಿಗೆ ಸರಿಸಿದರು. ಮೊದಲ ಸಲ ಎರಡನೆಯ ಚರಣದಲ್ಲಿ ಮಾತು ತಪ್ಪಿದೆ. ಮೂರನೆಯ ಸಲ ಲೈನ್ ಮನೆಯ ಕಡೆಯಿಂದ ನಾಯಿ ಬೊಗಳಿತು. ಎರಡನೆಯದನ್ನು ಇಟ್ಟುಕೊಂಡೆವು. ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಲಾರಿ ಬಂದು ಮೂಟೆಗಳನ್ನು ಹಾಸನದ ಕ್ಯೂರಿಂಗ್ ವರ್ಕ್ಸಿಗೆ ಒಯ್ದಿತು.